ನದಿಗೂ ಒಂದು ತಾರೀಖು: ಕೊಲೊರಾಡೊದ ಹರಿವಿನ ಹಕ್ಕು

ಕಾವೇರಿ ನ್ಯಾಯಮಂಡಳಿಯ 2007ರ ತೀರ್ಪು ಓದಿದವರಿಗೆ 740 ಟಿಎಂಸಿಯ ಲೆಕ್ಕ ನೆನಪಿರಬಹುದು. ತಮಿಳುನಾಡಿಗೆ 419, ಕರ್ನಾಟಕಕ್ಕೆ 270, ಕೇರಳಕ್ಕೆ 30, ಪುದುಚೇರಿಗೆ 7. ಕೂಡಿ ನೋಡಿ, 726 ಬರುತ್ತದೆ. ಉಳಿದ 14ರಲ್ಲಿ 10 ಟಿಎಂಸಿ ಪರಿಸರಕ್ಕೆ, 4 ಟಿಎಂಸಿ ಹೇಗೂ ಸಮುದ್ರ ಸೇರುವ ನೀರು. 2018ರಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳ ಪಾಲು ಬದಲಿಸಿದರೂ ಈ 14ನ್ನು ಮುಟ್ಟಲಿಲ್ಲ. ಪರೀಕ್ಷೆಗೆ ಓದುವಾಗ ನಾವು ಸುಮ್ನೆ ದಾಟಿ ಹೋಗುವ ಸಾಲು ಇದು. ನೀರನ್ನು ನದಿಯಲ್ಲೇ ಬಿಡಬೇಕಾದರೂ ಯಾರಾದರೂ ಅದನ್ನು ಲೆಕ್ಕದಲ್ಲಿ ಬರೆದಿಡಬೇಕು, ಅಲ್ವಾ?

ಹೀಗೆ ಬರೆದಿಡುವುದನ್ನು ಒಂದು ಆಸ್ತಿ ಹಕ್ಕಿನ ಮಟ್ಟಕ್ಕೆ ತಂದಿರುವುದು ಅಮೆರಿಕದ ಕೊಲೊರಾಡೊ ರಾಜ್ಯ. ಈ ಟಿಪ್ಪಣಿ ಅದರ ಬಗ್ಗೆ.

ಮೊದಲು ಪಾಳಿಯ ನಿಯಮ

ಅಮೆರಿಕದ ಪಶ್ಚಿಮ ಭಾಗದಲ್ಲಿ ಮಳೆ ಕಡಿಮೆ. ಅಲ್ಲಿ ನದಿ ದಂಡೆಯಲ್ಲಿ ಜಮೀನು ಇದ್ದ ಮಾತ್ರಕ್ಕೆ ನೀರು ಸಿಗುವುದಿಲ್ಲ. ಯಾರು ಮೊದಲು ನೀರು ತಿರುಗಿಸಿಕೊಂಡು ಉಪಯೋಗಿಸಿದರೋ ಅವರ ಹಕ್ಕು ದೊಡ್ಡದು. ಪ್ರತಿ ಹಕ್ಕಿಗೂ ಒಂದು ತಾರೀಖು ಇರುತ್ತದೆ. ಬರ ಬಂದಾಗ ಎಲ್ಲರಿಗೂ ಸ್ವಲ್ಪ ಸ್ವಲ್ಪ ಹಂಚುವ ಪದ್ಧತಿ ಇಲ್ಲ. ಹಳೇ ತಾರೀಖಿನವರಿಗೆ ಪೂರ್ತಿ, ಹೊಸಬರಿಗೆ ಸೊನ್ನೆ.

ಇದು ಗಟ್ಟಿಯಾದದ್ದು 1882ರ ಕಾಫಿನ್ ಕೇಸಿನಲ್ಲಿ. ಲೆಫ್ಟ್ ಹ್ಯಾಂಡ್ ಡಿಚ್ ಎಂಬ ಕಾಲುವೆ ಕಂಪನಿ ಒಂದು ಹಳ್ಳದ ನೀರನ್ನು ಪಕ್ಕದ ಕಣಿವೆಗೆ ತಿರುಗಿಸಿಕೊಂಡಿತ್ತು. 1879ರ ಬರದಲ್ಲಿ ಆ ಹಳ್ಳದ ದಂಡೆಯ ರೈತರು ಹೋಗಿ ಒಡ್ಡು ಒಡೆದರು. ನಮ್ಮೂರ ಹಳ್ಳ, ನಮ್ಮ ನೀರು ಅನ್ನೋದು ಅವರ ವಾದ. ಕೋರ್ಟ್ ಒಪ್ಪಲಿಲ್ಲ. ಮೊದಲು ತಿರುಗಿಸಿಕೊಂಡವರದೇ ಹಕ್ಕು ಎಂದಿತು. ನಮ್ಮ ಕಾಲುವೆಗಳ ಕೊನೆ ಭಾಗದ ರೈತರಿಗೆ ಈ ಸಿಟ್ಟು ಬಿಡಿಸಿ ಹೇಳಬೇಕಾಗಿಲ್ಲ.

ಈ ಪಾಳಿ ನೋಡಿಕೊಳ್ಳಲು ಸರ್ಕಾರದ ವಾಟರ್ ಕಮಿಷನರ್ ಇರುತ್ತಾರೆ. ಹೆಸರು ದೊಡ್ಡದು, ಕೆಲಸ ಹೆಚ್ಚು ಕಡಿಮೆ ನಮ್ಮ ಕೆರೆ ನೀರುಗಂಟಿಯದೇ. ಹಳೇ ಹಕ್ಕಿನವರು ನಮಗೆ ನೀರು ಸಾಲುತ್ತಿಲ್ಲ ಎಂದು ದೂರು ಕೊಟ್ಟರೆ, ಮೇಲಿನ ಹೊಸ ಹಕ್ಕಿನವರ ತೂಬು ಮುಚ್ಚಿಸುತ್ತಾರೆ. ಈ ದೂರಿಗೆ ಅಲ್ಲಿ 'ಕಾಲ್' ಎನ್ನುತ್ತಾರೆ. ಪದ ನೆನಪಿರಲಿ.

ಮೀನಿನ ತೊಂದರೆ ಏನು?

ಹಕ್ಕು ಬೇಕಾದರೆ ನೀರನ್ನು ನದಿಯಿಂದ ಹೊರಗೆ ತೆಗೆಯಲೇಬೇಕಿತ್ತು. ಮೀನು ಕಾಲುವೆ ತೋಡುವುದಿಲ್ಲ. ಹಾಗಾಗಿ ನದಿಯಲ್ಲೇ ಉಳಿದ ನೀರು ಕಾನೂನಿನ ಕಣ್ಣಿಗೆ ಯಾರದ್ದೂ ಅಲ್ಲದ ನೀರು. ಯಾರು ಬೇಕಾದರೂ ಬಂದು ತಗೊಂಡು ಹೋಗಬಹುದಿತ್ತು. ಬೇಸಿಗೆಯ ಕೊನೆಗೆ ಕೆಲವು ತೊರೆಗಳಲ್ಲಿ ಬರೀ ಕಲ್ಲು ಉಳಿಯುತ್ತಿತ್ತು.

1973ರಲ್ಲಿ ರಾಜ್ಯ ಹೊಸ ಕಾನೂನು ಮಾಡಿತು. ಪರಿಸರವನ್ನು ತಕ್ಕ ಮಟ್ಟಿಗೆ ಉಳಿಸಿಕೊಳ್ಳಲು ನದಿಯ ಒಳಗೇ ನೀರಿನ ಹಕ್ಕು ಪಡೆಯಬಹುದು. ಆದರೆ ಆ ಹಕ್ಕು ಹೊಂದುವ ಅಧಿಕಾರ ಒಂದೇ ಸಂಸ್ಥೆಗೆ, ಕೊಲೊರಾಡೊ ವಾಟರ್ ಕನ್ಸರ್ವೇಶನ್ ಬೋರ್ಡಿಗೆ. ಖಾಸಗಿಯವರು ತಮ್ಮ ಹಕ್ಕನ್ನು ಬೋರ್ಡಿಗೆ ಕೊಡಬಹುದು, ಮಾರಬಹುದು, ಬಾಡಿಗೆಗೆ ಬಿಡಬಹುದು. ತಾವೇ ಇಟ್ಟುಕೊಳ್ಳುವ ಹಾಗಿಲ್ಲ. ಕ್ರಿಸ್ಟಲ್ ನದಿಯ ಹಕ್ಕುಗಳ ವಿಷಯದಲ್ಲಿ ಈ ಕಾನೂನನ್ನೇ ಪ್ರಶ್ನಿಸಿ ಕೇಸು ನಡೆಯಿತು. 1979ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಕಾನೂನನ್ನು ಎತ್ತಿಹಿಡಿಯಿತು: ನೀರು ಹೊರಗೆ ತೆಗೆಯದಿದ್ದರೂ ಹಕ್ಕು ಹಕ್ಕೇ. ಇವತ್ತು ಇಂಥ ಹಕ್ಕುಗಳು 9,000 ಮೈಲಿಗೂ ಜಾಸ್ತಿ ಉದ್ದದ ತೊರೆಗಳ ಮೇಲಿವೆ.

ಎಷ್ಟು ನೀರು ಸಾಕು?

ನನಗೆ ತುಂಬಾ ಹಿಡಿಸಿದ ಭಾಗ ಇದು. ಮೀನಿಗೆ ಎಷ್ಟು ಬೇಕು ಎಂದು ಅಂದಾಜಿನಲ್ಲಿ ಹೇಳಿದರೆ ಕೋರ್ಟ್ ಕೇಳುವುದಿಲ್ಲ. ಅದಕ್ಕೆ ಆರ್-ಟು-ಕ್ರಾಸ್ ಎಂಬ ಅಳತೆ ಪದ್ಧತಿ ಇದೆ. ತೊರೆಯಲ್ಲಿ ಆಳದ ಮಡುವನ್ನು ಬಿಟ್ಟು, ಕಲ್ಲುಗಳ ಮೇಲೆ ನೀರು ತೆಳ್ಳಗೆ ಜುಳುಜುಳು ಹರಿಯುವ ಜಾಗ ಹುಡುಕುತ್ತಾರೆ. ಯಾಕೆ ಅಲ್ಲೇ? ಹರಿವು ಕಡಿಮೆಯಾದಾಗ ಮೊದಲು ಒಣಗುವುದು ಆ ಜಾಗ. ಟ್ರೌಟ್ ಮೀನು ತಿನ್ನುವ ಹುಳುಗಳು ಬೆಳೆಯುವುದೂ ಅಲ್ಲಿನ ಕಲ್ಲುಗಳ ಸಂದಿಯಲ್ಲೇ. ಅಲ್ಲಿ ನೀರಿದ್ದರೆ ಮಡುವಿನಲ್ಲೂ ಇರುತ್ತದೆ.

ಈ ದಡದಿಂದ ಆ ದಡಕ್ಕೆ ಟೇಪು ಕಟ್ಟಿ, ನೀರಿಗಿಳಿದು, ಸ್ವಲ್ಪ ಸ್ವಲ್ಪ ದೂರಕ್ಕೆ ಆಳ ಮತ್ತು ವೇಗ ಅಳೆಯುತ್ತಾರೆ. ನೋಡುವುದು ಮೂರು: ಸರಾಸರಿ ಆಳ, ಸರಾಸರಿ ವೇಗ, ತೊರೆಯ ತಳ ಎಷ್ಟು ಪಾಲು ಒದ್ದೆಯಾಗಿದೆ ಅನ್ನೋದು. 20 ಅಡಿ ಅಗಲದ ತೊರೆಗೆ ಬೇಕಾದ ಸರಾಸರಿ ಆಳ 0.2 ಅಡಿ. ಅಂದರೆ ಸುಮಾರು 6 ಸೆಂಟಿಮೀಟರ್, ನಿಮ್ಮ ತೋರುಬೆರಳಿಗಿಂತ ಕಡಿಮೆ! ವೇಗ ಸೆಕೆಂಡಿಗೆ 1 ಅಡಿ. ಬೇಸಿಗೆಗೆ ಮೂರೂ ಷರತ್ತು ಪೂರೈಸುವಷ್ಟು, ಚಳಿಗಾಲಕ್ಕೆ ಎರಡು ಪೂರೈಸುವಷ್ಟು ನೀರು ಶಿಫಾರಸು ಮಾಡುತ್ತಾರೆ. ಮೀನಿಗೆ ಹೊಟ್ಟೆ ತುಂಬಾ ಊಟ ಹಾಕುವ ಲೆಕ್ಕ ಇದಲ್ಲ, ಜೀವ ಹಿಡಿದುಕೊಳ್ಳುವಷ್ಟು ಗಂಜಿಯ ಲೆಕ್ಕ.

ಕಾವೇರಿಯ 10 ಟಿಎಂಸಿಗೂ ಇದಕ್ಕೂ ವ್ಯತ್ಯಾಸ ಇಲ್ಲಿದೆ. ನಮ್ಮದು ವರ್ಷಕ್ಕೆ ಇಷ್ಟು ಎಂಬ ಗಾತ್ರ, ಲೆಕ್ಕ ನೋಡುವುದು ಗಡಿಯ ಬಿಳಿಗುಂಡ್ಲುವಿನಲ್ಲಿ. ಅವರದು ಈ ಜಾಗದಿಂದ ಆ ಜಾಗದವರೆಗೆ, ಈ ತಿಂಗಳಿಂದ ಆ ತಿಂಗಳವರೆಗೆ, ಇಷ್ಟು ಕ್ಯೂಸೆಕ್ ಎಂಬ ಹರಿವು. ಕ್ಯೂಸೆಕ್ ನಮಗೆ ಹೊಸದಲ್ಲ, ಕೆಆರ್‌ಎಸ್ ಒಳಹರಿವಿನ ಸುದ್ದಿಯಲ್ಲಿ ಬರುವ ಅದೇ ಅಳತೆ. ಸೆಕೆಂಡಿಗೆ ಸುಮಾರು 28.3 ಲೀಟರ್.

ಒಂದು ಲೆಕ್ಕ ಮಾಡೋಣ

ಇದು ನಾನೇ ಮಾಡಿಕೊಂಡ ಉದಾಹರಣೆ. ತೊರೆಗೆ 30 ಕ್ಯೂಸೆಕ್ ಬರುತ್ತಿದೆ. ಒಬ್ಬ ರೈತನಿಗೆ 1885ರ ಹಕ್ಕು, 25 ಕ್ಯೂಸೆಕ್. ನದಿಗೆ 1977ರ ಹಕ್ಕು, 12. ಒಂದು ರೆಸಾರ್ಟಿಗೆ 1990ರದ್ದು, 5. ರೈತನ ತೂಬೂ ರೆಸಾರ್ಟಿನ ಪೈಪೂ ಮೀನಿನ ಜಾಗಕ್ಕಿಂತ ಮೇಲೆ ಇವೆ. ರೈತ 25 ತಗೊಂಡ. ಉಳಿದದ್ದು 5. ನದಿಯ ಪರವಾಗಿ ಬೋರ್ಡ್ ಕಾಲ್ ಮಾಡಿತು. ರೆಸಾರ್ಟಿನ ಪೈಪು ಮುಚ್ಚಿತು, ರೈತನನ್ನು ಮುಟ್ಟುವ ಹಾಗಿಲ್ಲ. ಮೀನಿಗೆ ಸಿಕ್ಕಿದ್ದು 12 ಅಲ್ಲ, 5.

ಈಗ ರೈತನ ತೂಬನ್ನು ಮೀನಿನ ಜಾಗಕ್ಕಿಂತ ಕೆಳಗೆ ಇಡಿ. ತಾರೀಖು ಯಾವುದೂ ಬದಲಾಗಿಲ್ಲ. ರೆಸಾರ್ಟು ಈಗ ತನ್ನ 5 ತಗೊಳ್ಳಬಹುದು, ಉಳಿದ 25 ಕೆಳಗಿನ ರೈತನಿಗೂ ನದಿಗೂ ಸಾಲುತ್ತದೆ. ಯಾಕೆಂದರೆ ರೈತನ ನೀರು ಮೀನನ್ನು ದಾಟಿಯೇ ಹೋಗಬೇಕು. ಮೀನಿಗೆ 5 ಅಲ್ಲ, 25! ನಾನು ಮೊದಲು ತಾರೀಖು ಮಾತ್ರ ಮುಖ್ಯ ಅಂದುಕೊಂಡಿದ್ದೆ. ತೂಬು ಎಲ್ಲಿದೆ ಅನ್ನೋದೂ ಅಷ್ಟೇ ಮುಖ್ಯ.

ಹಾಗಾದರೆ 1977ರ ಹಕ್ಕು ದಂಡವೇ? ಅಲ್ಲ. ರೈತ ನಾಳೆ ತನ್ನ ಹಕ್ಕನ್ನು ನಗರಕ್ಕೆ ಮಾರಿ, ಕೆಳಗಿದ್ದ ತೂಬನ್ನು ಮೇಲಕ್ಕೆ ಸಾಗಿಸಲು ಹೊರಟರೆ, ಬೋರ್ಡ್ ನೀರಿನ ಕೋರ್ಟಿಗೆ ಹೋಗಿ ತಡೆಯಬಹುದು. ಹಳಬರು ತಮ್ಮ ಹಕ್ಕು ಬದಲಿಸಿಕೊಳ್ಳುವಾಗ ಹೊಸಬರಿಗೂ ಪೆಟ್ಟಾಗಬಾರದು ಅನ್ನೋದು ಅಲ್ಲಿನ ನಿಯಮ.

ಹಳೇ ತಾರೀಖು ಕೊಳ್ಳುವುದು

ನದಿಯ ಹಕ್ಕು ಹೊಸದು ಅನ್ನೋ ಕೊರತೆಗೆ ಇನ್ನೊಂದು ದಾರಿ, ಹಳೇ ಹಕ್ಕನ್ನೇ ಕೊಳ್ಳುವುದು ಇಲ್ಲವೇ ಬಾಡಿಗೆಗೆ ಪಡೆಯುವುದು. 2012ರ ಬರದಲ್ಲಿ ಕೊಲೊರಾಡೊ ವಾಟರ್ ಟ್ರಸ್ಟ್ ಸ್ಟೇಜ್‌ಕೋಚ್ ಜಲಾಶಯದಿಂದ 4,000 ಎಕರೆ-ಅಡಿ ನೀರು ಬಾಡಿಗೆಗೆ ಪಡೆದು ಯಾಂಪಾ ನದಿಗೆ ಬಿಡಿಸಿತು. ನಮ್ಮ ಲೆಕ್ಕದಲ್ಲಿ 0.17 ಟಿಎಂಸಿ, ಅಷ್ಟೇ. ಆದರೆ ಸರಿಯಾದ ವಾರಗಳಲ್ಲಿ ಬಿಟ್ಟರೆ ಒಣಗುವ ನದಿಗೆ ಅದು ದೊಡ್ಡದು.

ಎಲ್ಲಕ್ಕಿಂತ ದೊಡ್ಡ ವ್ಯಾಪಾರ ಶೋಶೋನಿ ವಿದ್ಯುತ್ ಘಟಕದ್ದು. ಗ್ಲೆನ್‌ವುಡ್ ಕಣಿವೆಯ ಈ ಘಟಕಕ್ಕೆ 1902ರ ತಾರೀಖಿನ 1,250 ಕ್ಯೂಸೆಕ್ ಹಕ್ಕು ಇದೆ. ಟರ್ಬೈನ್ ತಿರುಗಿಸಿದ ನೀರು ವಾಪಸ್ ನದಿಗೇ ಬರುತ್ತದೆ. ಮೇಲಿನ ಉದಾಹರಣೆಯ ಕೆಳಗಿನ ತೂಬಿನ ರೈತ ನೆನಪಾದನಾ? ಅದೇ ಆಟ. ಘಟಕ ನೀರು ಕೇಳಿದಾಗ ಮೇಲಿನ ಹೊಸ ಹಕ್ಕಿನವರು ತಮ್ಮ ತೂಬು ಮುಚ್ಚಬೇಕು, ಅದರಲ್ಲಿ ಬೆಟ್ಟ ಕೊರೆದು ಡೆನ್ವರ್ ಕಡೆಗೆ ಸಾಗಿಸುವವರೂ ಸೇರಿದ್ದಾರೆ. ಹೀಗೆ ಉಳಿದ ನೀರು ಇನ್ನೂ ಕೆಳಗೆ, ಗ್ರ್ಯಾಂಡ್ ಜಂಕ್ಷನ್ ಬಳಿಯ 15 ಮೈಲಿಯ ನದಿಗೆ ಆಸರೆ. ಕೊಲೊರಾಡೊ ಪೈಕ್‌ಮಿನ್ನೋ, ರೇಜರ್‌ಬ್ಯಾಕ್ ಸಕ್ಕರ್ ಎಂಬ ಅಳಿವಿನಂಚಿನ ಮೀನುಗಳು ಅಲ್ಲಿವೆ. ಈ ನದಿ ವ್ಯವಸ್ಥೆ ಬಿಟ್ಟರೆ ಅವು ಬೇರೆಲ್ಲೂ ಹುಟ್ಟಿ ಬೆಳೆದವಲ್ಲ.

ಘಟಕ ಹಳೆಯದು. ಅದು ನಿಂತರೆ ಕಾಲ್ ಮಾಡುವವರೂ ಇಲ್ಲ. ಅದಕ್ಕೇ 2023ರ ಡಿಸೆಂಬರಿನಲ್ಲಿ 99 ಮಿಲಿಯನ್ ಡಾಲರಿಗೆ ಆ ಹಕ್ಕುಗಳನ್ನು ಕೊಳ್ಳುವ ಒಪ್ಪಂದ ಆಯಿತು. ನದಿ ಹರಿವಿನ ಬಳಕೆಯನ್ನೂ ಅವಕ್ಕೆ ಸೇರಿಸಬೇಕು ಅನ್ನೋದು ಉದ್ದೇಶ. ಅದಕ್ಕೆ ಬೋರ್ಡಿನ ಒಪ್ಪಿಗೆ, ನೀರಿನ ಕೋರ್ಟಿನ ಡಿಕ್ರಿ ಎರಡೂ ಬೇಕು.

ಕೊಳ್ಳಲು ಮುಂದೆ ಬಂದವರು ಕೊಲೊರಾಡೊ ರಿವರ್ ವಾಟರ್ ಕನ್ಸರ್ವೇಶನ್ ಡಿಸ್ಟ್ರಿಕ್ಟ್. ಹೆಸರು ಹತ್ತಿರ ಹತ್ತಿರ ಇದ್ದರೂ ಇದು ಬೋರ್ಡ್ ಅಲ್ಲ, ಬೇರೆ ಸಂಸ್ಥೆ. ಕ್ರಿಸ್ಟಲ್ ನದಿಯ 1979ರ ಕೇಸು ಹೇಳಿದೆನಲ್ಲ, ಹೊರಗೆ ತೆಗೆಯದ ನೀರಿಗೆ ಹಕ್ಕೇ ಇಲ್ಲ ಎಂದು ಬೋರ್ಡಿನ ವಿರುದ್ಧ ವಾದಿಸಿ ಸೋತವರೂ ಇವರೇ.