ಎಷ್ಟು ಮಕ್ಕಳು ಅಂತ ಕೇಳಿದರಷ್ಟೇ ಸಾಲದು

"ನಿಮಗೆ ಎಷ್ಟು ಮಕ್ಕಳು?" ಇದಕ್ಕಿಂತ ಸುಲಭದ ಪ್ರಶ್ನೆ ಇನ್ನೊಂದಿಲ್ಲ ಅನ್ನಿಸುತ್ತದೆ, ಅಲ್ವಾ? ಆದರೆ ಇಷ್ಟನ್ನೇ ಕೇಳಿಕೊಂಡು ಬಂದರೆ ಇಡೀ ದೇಶದ ಲೆಕ್ಕ ತಪ್ಪುತ್ತದೆ. ಎಷ್ಟೋ ತಾಯಂದಿರು ಜೊತೆಯಲ್ಲಿರುವ ಮಕ್ಕಳನ್ನಷ್ಟೇ ಹೇಳುತ್ತಾರೆ. ಮದುವೆಯಾಗಿ ಹೋದ ಮಗಳು, ಬೇರೆ ಊರಲ್ಲಿ ದುಡಿಯುವ ಮಗ ಬಿಟ್ಟುಹೋಗಬಹುದು. ಹುಟ್ಟಿ ನಾಲ್ಕು ಗಂಟೆ ಬದುಕಿದ್ದ ಕೂಸಿನ ಮಾತಂತೂ ಬಾಯಿಗೆ ಬರುವುದೇ ಕಷ್ಟ.

ಅದಕ್ಕೇ ದೊಡ್ಡ ಆರೋಗ್ಯ ಸಮೀಕ್ಷೆಗಳಲ್ಲಿ ಈ ಒಂದು ಪ್ರಶ್ನೆಯನ್ನು ಬಿಡಿಸಿ ಬಿಡಿಸಿ ಕೇಳುತ್ತಾರೆ. ಜೊತೆಗಿರುವ ಗಂಡುಮಕ್ಕಳು ಎಷ್ಟು, ಹೆಣ್ಣುಮಕ್ಕಳು ಎಷ್ಟು? ಬೇರೆ ಕಡೆ ಇರುವವರು? ಜೀವಂತ ಹುಟ್ಟಿ ಆಮೇಲೆ ತೀರಿಕೊಂಡ ಮಗು ಇತ್ತೇ? ಇಲ್ಲ ಅಂದರೂ ಅಲ್ಲಿಗೆ ಬಿಡುವುದಿಲ್ಲ. ಹುಟ್ಟಿದಾಗ ಅತ್ತು, ಉಸಿರಾಡಿ, ಸ್ವಲ್ಪ ಹೊತ್ತು ಮಾತ್ರ ಇದ್ದ ಮಗು ಏನಾದರೂ ಇತ್ತೇ ಎಂದು ಇನ್ನೊಮ್ಮೆ ಕೇಳಬೇಕು. ಇಡೀ ಪ್ರಶ್ನಾವಳಿಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದೇ. ಗಡಿಬಿಡಿಯಲ್ಲಿ ಕೇಳಿದರೆ ಆ ಕೂಸು ಶಿಶುಮರಣದ ಲೆಕ್ಕಕ್ಕೂ ಸೇರುವುದಿಲ್ಲ.

ಎಲ್ಲ ಹೆಂಗಸರನ್ನೂ ಕೇಳಲು ಆಗುವುದಿಲ್ಲ, ನಿಜ. ಜನಗಣತಿಯ ಪಟ್ಟಿಯಿಂದ ಕೆಲವು ನೂರು ಪ್ರದೇಶ ಆರಿಸಿ, ಒಂದೊಂದರಲ್ಲೂ ಸಾಮಾನ್ಯವಾಗಿ 25–30 ಮನೆಗಳನ್ನು ಚೀಟಿ ಎತ್ತಿದ ಹಾಗೆ ತೆಗೆದು, ಅಲ್ಲಿರುವ 15ರಿಂದ 49 ವರ್ಷದವರನ್ನು ಹೆಂಗಸರೇ ಹೋಗಿ, ಬೇರೆ ಯಾರೂ ಇಲ್ಲದ ಕಡೆ ಕೂತು ಮಾತಾಡಿಸುತ್ತಾರೆ. ಬಾಗಿಲು ಹಾಕಿದೆ ಅಂತ ಪಕ್ಕದ ಮನೆಗೆ ಹೋಗುವ ಹಾಗಿಲ್ಲ. ಅದೇ ಮನೆಗೆ ಮತ್ತೆ ಬರಬೇಕು. ಹಗಲು ಸಿಗುವವರನ್ನೇ ಕೇಳಿದರೆ, ದುಡಿಯಲು ಹೊರಗೆ ಹೋದವರ ಬದುಕು ಲೆಕ್ಕಕ್ಕೆ ಬರುವುದಾದರೂ ಹೇಗೆ?

ಇನ್ನು ಹೆರಿಗೆಯಲ್ಲಿ ಸತ್ತವರು. ಅವರನ್ನು ಕೇಳಲು ಆಗದು. ಒಂದೊಂದು ಮನೆಯಲ್ಲಿ ಇಂಥ ಸಾವು ಅಪರೂಪ, ಹಾಗಾಗಿ ನೇರವಾಗಿ ಎಣಿಸಲು ಲೆಕ್ಕವಿಲ್ಲದಷ್ಟು ಮನೆ ಸುತ್ತಬೇಕು. 1989ರಲ್ಲಿ ವೆಂಡಿ ಗ್ರಹಾಂ, ವಿಲಿಯಂ ಬ್ರಾಸ್ ಮತ್ತು ರಾಬರ್ಟ್ ಸ್ನೋ ಎಂಬ ಸಂಶೋಧಕರು ಒಂದು ದಾರಿ ತೋರಿಸಿದರು: ಬದುಕಿರುವವರ ಹತ್ತಿರ ಅವರ ಅಕ್ಕತಂಗಿಯರ ವಿಷಯ ಕೇಳಿ. ಎಷ್ಟು ಜನ ಇದ್ದರು, ಯಾರು ತೀರಿಕೊಂಡರು, ಆಗ ಅವರು ಬಸುರಿಯೋ, ಬಾಣಂತಿಯೋ? ಒಬ್ಬರು ಬಾಯಿಬಿಟ್ಟರೆ ಹಲವರ ಬದುಕು ಗೊತ್ತಾಗುತ್ತದೆ.

ತಪ್ಪು ಕೇಳುವವರ ಕಡೆಯಿಂದಲೂ ಆಗುತ್ತದೆ. ಎಷ್ಟೋ ಸಮೀಕ್ಷೆಗಳಲ್ಲಿ ಕಳೆದ 5 ವರ್ಷದಲ್ಲಿ ಹುಟ್ಟಿದ ಮಗುವಿದ್ದರೆ ತಪಾಸಣೆ, ಹೆರಿಗೆ, ಲಸಿಕೆ ಅಂತ ಪ್ರಶ್ನೆಗಳ ಸಾಲೇ ಇರುತ್ತದೆ. ಕೇಳಿ ಕೇಳಿ ದಣಿದವರು ಮಗು ಹುಟ್ಟಿದ ವರ್ಷವನ್ನು ಸುಮ್ನೆ ಸ್ವಲ್ಪ ಹಿಂದಕ್ಕೆ ತಳ್ಳಿ ಆ ಪುಟಗಳನ್ನು ದಾಟಿಬಿಡುತ್ತಾರೆ. ಆಮೇಲೆ ನೋಡಿದರೆ ದೇಶದಲ್ಲಿ ಜನನವೇ ಕಡಿಮೆಯಾದ ಹಾಗೆ ಕಾಣುತ್ತದೆ! ಅದಕ್ಕೇ ಮೇಲ್ವಿಚಾರಕರು ಕೆಲವು ಮನೆಗಳಿಗೆ ಮತ್ತೆ ಹೋಗಿ ಕೇಳುತ್ತಾರೆ.

1984ರಿಂದ 90ಕ್ಕೂ ಹೆಚ್ಚು ದೇಶಗಳಲ್ಲಿ ಇಂಥ ಸಮೀಕ್ಷೆಗಳಿಗೆ ನೆರವಾದ ಡಿಎಚ್‌ಎಸ್ (ಜನಸಂಖ್ಯೆ ಮತ್ತು ಆರೋಗ್ಯ ಸಮೀಕ್ಷೆ) ಕಾರ್ಯಕ್ರಮಕ್ಕೆ 2025ರಲ್ಲಿ ಅಮೆರಿಕ ಸರ್ಕಾರ ಹಣ ನಿಲ್ಲಿಸಿತು. ಇದು ನನಗೆ ನಿಜಕ್ಕೂ ಸಂಕಟದ ಸುದ್ದಿ. ಹತ್ತು ವರ್ಷ ಬಿಟ್ಟು ಹೋದರೂ ಹೆರಿಗೆಗಳನ್ನು ನೆನಪಿಸಿಕೊಂಡು ಹೇಳುವವರು ಸಿಗುತ್ತಾರೆ. ಆದರೆ ಬಸುರಿಯಾಗಿದ್ದಾಗ ಎಷ್ಟು ಸಲ ತಪಾಸಣೆಯಾಯಿತು, ಮಗು ಹುಟ್ಟಿದ ಎಷ್ಟು ಹೊತ್ತಿಗೆ ಎದೆಹಾಲು ಕುಡಿಸಿದರು ಅನ್ನುವುದೆಲ್ಲ ಅಷ್ಟರಲ್ಲಿ ಮರೆತುಹೋಗಿರುತ್ತದೆ.