‘ಅವಳನ್ನು’ ಎಂಬ ಪದದ ಬೆನ್ನು ಹತ್ತಿ

‘ಅವಳನ್ನು ಕೊಟ್ಟರು.’ ‘ಅವಳನ್ನು ತಂದುಕೊಂಡರು.’ ‘ಅವಳನ್ನು ತವರಿಗೆ ಕಳಿಸಿದರು.’ ಮೂರರಲ್ಲೂ ಹೆಣ್ಣು ದ್ವಿತೀಯಾ ವಿಭಕ್ತಿ ಬಿಟ್ಟು ಕದಲಿಲ್ಲ. ಕರ್ತೃವಿನ ಹೆಸರೂ ಬೇಕಾಗಿಲ್ಲ, ಕ್ರಿಯಾಪದದ ಕೊನೆಯ ‘ಅರು’ ಸಾಕು. ಕಾದಂಬರಿಯಲ್ಲಿ ಹೆಣ್ಣು ಹೊರಗುಳಿದದ್ದನ್ನು ತೋರಿಸಿ ಎಂದರೆ ನಾವು ಘಟನೆಗಳ ಪಟ್ಟಿ ಕೊಡುತ್ತೇವೆ. ಅದಕ್ಕಿಂತ ಮೊದಲು ಒಂದು ಪುಟ ತೆಗೆದು, ಯಾರು ಕರ್ತೃ, ಯಾರು ಕರ್ಮ ಎಂದು ಗೆರೆ ಎಳೆಯುತ್ತಾ ಹೋಗಿ. ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’ ಎಂಬ ಗಾದೆಯಲ್ಲೂ ಕೊಟ್ಟವರು ಯಾರೆಂದು ಹೇಳುವ ಗೋಜಿಲ್ಲ.

ಪದಕೋಶದ ಕಡೆಗೂ ಕಣ್ಣಿರಲಿ. ‘ಬಂಜೆ’ಗೆ ಸಾಟಿಯಾಗಿ ಗಂಡಸಿಗೆ ಅಂಟುವ ಬಳಕೆಯ ಮಾತು ಎಲ್ಲಿದೆ?

ಇನ್ನು ಸರ್ವನಾಮ. ಷಾರ್ಲೆಟ್ ಬ್ರಾಂಟೆಯ ‘ಜೇನ್ ಐರ್’ (1847) ಕಾದಂಬರಿಯಲ್ಲಿ ಗಂಡ ಕೂಡಿಹಾಕಿದ ಬರ್ತಾಳನ್ನು ಕಥೆ ಹೇಳುವ ಜೇನ್ ಕೋಣೆಯೊಳಗೆ ಕಂಡಾಗ ಇಂಗ್ಲಿಷ್ ಮೂಲದಲ್ಲಿ ಬರುವುದು ‘ಅವಳು’ ಅಲ್ಲ, ನಪುಂಸಕ ಲಿಂಗದ ‘ಅದು’. ಕನ್ನಡ ಓದುಗರು ಇಲ್ಲಿ ಎಚ್ಚರವಾಗಿರಬೇಕು. ‘ಪಾಪ, ಅದಕ್ಕೇನು ಗೊತ್ತು’ ಎಂದು ನಾವು ಮಮತೆಯಿಂದಲೂ ಅನ್ನುತ್ತೇವಲ್ಲ! ಹಾಗಾಗಿ ಸರ್ವನಾಮ ಒಂದನ್ನೇ ನಂಬದೆ ಕ್ರಿಯಾಪದ ನೋಡಿ: ಅಲ್ಲಿ ‘ಅದು’ ನಾಲ್ಕು ಕಾಲಲ್ಲಿ ತೆವಳುತ್ತದೆ, ಗುರುಗುಟ್ಟುತ್ತದೆ. ಬರ್ತಾ ಆಡಿದ ಮಾತೂ ನಮಗೆ ನೇರವಾಗಿ ಕೇಳಿಸುವುದಿಲ್ಲ. ‘ಹೀಗಂದಳು’ ಎಂದು ಅವಳ ಸೋದರ ವರದಿ ಮಾಡುತ್ತಾನೆ. ನನ್ನನ್ನು ಹೆಚ್ಚು ಕಲಕುವುದು ಇದು: ಕಥೆ ಹೇಳುವವಳು ಹೆಣ್ಣು, ಬರೆದವಳೂ ಹೆಣ್ಣು. ಆ ಲೇಖಕಿಯೂ ಪುಸ್ತಕದ ಮೇಲೆ ತನ್ನ ಹೆಸರು ಹಾಕದೆ ‘ಕರೆರ್ ಬೆಲ್’ ಎಂದು ಹಾಕಿಕೊಂಡಳು. ಹೊರಗಿಡುವ ಭಾಷೆ ಹೊರಗುಳಿದವರ ಬಾಯಲ್ಲೂ ಸಲೀಸಾಗಿ ಆಡುತ್ತದೆ.

1966ರಲ್ಲಿ ಜೀನ್ ರೀಸ್ ‘ವೈಡ್ ಸರ್ಗಾಸೊ ಸೀ’ ಕಾದಂಬರಿಯಲ್ಲಿ ಅದೇ ಹೆಂಡತಿಗೆ ‘ನಾನು’ ಎನ್ನಲು ಬಿಟ್ಟರು. ಅವಳ ಹೆಸರು ಆಂಟ್ವನೆಟ್. ‘ಬರ್ತಾ’ ಗಂಡ ಹೊರಿಸಿದ್ದು. ಅದು ತನ್ನ ಹೆಸರಲ್ಲ ಎಂದು ಅವಳು ಪ್ರತಿಭಟಿಸುತ್ತಾಳೆ. ರೀಸ್ ಆ ಗಂಡನಿಗೆ ಹೆಸರನ್ನೇ ಕೊಟ್ಟಿಲ್ಲ. ಇದನ್ನು ನಾನು ಲೇಖಕಿಯ ತೀರ್ಪು ಎಂದೇ ಓದುತ್ತೇನೆ. ನಿರೂಪಣೆ ಕೈ ಬದಲಾಗುವ ಜಾಗವನ್ನು ಮಾತ್ರ ಗುರುತು ಹಾಕಿಟ್ಟುಕೊಳ್ಳಿ. ಮೊದಲ ಭಾಗವೆಲ್ಲ ಅವಳ ‘ನಾನು’. ಎರಡನೆಯದು ತೆರೆಯುವ ಹೊತ್ತಿಗೆ ಮದುವೆ ಮುಗಿದಿದೆ, ‘ನಾನು’ ಎನ್ನುತ್ತಿರುವವನು ಗಂಡ. ನಡುವೆ ಒಂದಿಷ್ಟು ಪುಟ ಅವಳಿಗೆ ಸಿಗುತ್ತವೆ. ಆಮೇಲೆ ಅವಳ ‘ನಾನು’ ಕೇಳಿಬರುವುದು ಬೀಗ ಹಾಕಿದ ಅಟ್ಟದ ಕೋಣೆಯಿಂದ.