ಸಿಟಿ ಸ್ಕ್ಯಾನ್ ನಾರ್ಮಲ್ ಬಂತೆಂದು ಮನೆಗೆ ಹೊರಡಬೇಡಿ

"ಡಾಕ್ಟ್ರೇ, ದುಡ್ಡಿನ ಯೋಚನೆ ಬೇಡ, ಸೀದಾ ಎಂಆರ್‌ಐ ಮಾಡ್ಬಿಡಿ." ಲಕ್ವ ಹೊಡೆದ ಅಪ್ಪನನ್ನು ಕರೆತಂದ ಮಕ್ಕಳು ಎಮರ್ಜೆನ್ಸಿ ಬಾಗಿಲಲ್ಲೇ ಹೀಗೆ ಕೈ ಹಿಡಿದುಕೊಳ್ಳುತ್ತಾರೆ. ಅವರ ಆತಂಕ ನನಗೆ ಗೊತ್ತು. ಆದರೂ ನಾವು ಮೊದಲು ಕಳಿಸುವುದು ಸಾಮಾನ್ಯವಾಗಿ ಸಿಟಿ ಸ್ಕ್ಯಾನಿಗೆ.

ಆ ಹೊತ್ತಿಗೆ ತಿಳಿಯಬೇಕಾದದ್ದು ಒಂದೇ: ಮಿದುಳಿನ ರಕ್ತನಾಳ ಕಟ್ಟಿಕೊಂಡಿದೆಯೋ, ಒಡೆದಿದೆಯೋ? ಎರಡರಲ್ಲೂ ಕೈ ಸೋಲುತ್ತದೆ, ಬಾಯಿ ಸೊಟ್ಟಗಾಗುತ್ತದೆ. ಬರೀ ಕಣ್ಣಿಂದ ನೋಡಿ ಖಚಿತವಾಗಿ ಹೇಳಲಾಗದು. ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ರಕ್ತಸ್ರಾವವಾದವರಿಗೆ ಕೊಟ್ಟರೆ ಪ್ರಾಣಕ್ಕೇ ಕುತ್ತು. ಸಿಟಿಯಲ್ಲಿ ಹೊಸ ರಕ್ತ ಬೆಳ್ಳಗೆ ಎದ್ದು ಕಾಣುತ್ತದೆ, ಕೆಲವೇ ನಿಮಿಷದ ಕೆಲಸ. ಎಂಆರ್‌ಐಯಲ್ಲೂ ರಕ್ತ ಕಾಣುತ್ತದೆ ನಿಜ. ಆದರೆ ಅದು ಕಾಂತದ ಯಂತ್ರ, ಎದೆಬಡಿತ ಕಾಯುವ ಪೇಸ್‌ಮೇಕರ್ ಇದೆಯೇ ಎಂದು ವಿಚಾರಿಸಬೇಕು, ಚಡಪಡಿಸುತ್ತಿರುವವರು ಅಲುಗದೆ ಮಲಗಬೇಕು. ಇಂಜೆಕ್ಷನ್ನಿಗೆ ಸಾಮಾನ್ಯವಾಗಿ ಇರುವುದು ಲಕ್ವ ಶುರುವಾದ ಮೇಲೆ ನಾಲ್ಕೂವರೆ ಗಂಟೆ. ಅದರಲ್ಲಿ ಒಂದು ಗಂಟೆಯನ್ನು ಬೆಂಗಳೂರಿನ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲೇ ಕಳೆದು ಬಂದವರಿಗೆ ಉಳಿದ ನಿಮಿಷಗಳು ಬಹಳ ದುಬಾರಿ.

ಸಿಟಿಗೊಂದು ದೊಡ್ಡ ಕೊರತೆಯಿದೆ, ಇದನ್ನು ದಯವಿಟ್ಟು ಗಮನವಿಟ್ಟು ಓದಿ. ನಾಳ ಕಟ್ಟಿಕೊಂಡ ಲಕ್ವದಲ್ಲಿ ಮೊದಲ ಕೆಲವು ಗಂಟೆ ಸಿಟಿ ನಾರ್ಮಲ್ ಆಗಿಯೇ ಇರಬಹುದು. ಹಿಮ್ಮಿದುಳಿನ ಲಕ್ವವಂತೂ ಸುತ್ತಲಿನ ದಪ್ಪ ಮೂಳೆಯ ಮಬ್ಬಿನಲ್ಲಿ ಸುಲಭವಾಗಿ ಅಡಗಿಕೊಳ್ಳುತ್ತದೆ. ಇದ್ದಕ್ಕಿದ್ದಂತೆ ತಲೆಸುತ್ತು, ವಾಂತಿ, ನಡೆದರೆ ಒಂದೇ ಕಡೆಗೆ ವಾಲಿಕೆ. ಹೀಗೆ ಬಂದ ಹಿರಿಯರೊಬ್ಬರಿಗೆ ಬೇರೆಡೆ ಸಿಟಿ ನೋಡಿ, ಗ್ಯಾಸ್ಟ್ರಿಕ್ ಎಂದು ಮಾತ್ರೆ ಕೊಟ್ಟು ಕಳಿಸಿದ್ದರು. ಎರಡು ದಿನದ ನಂತರ ನಾವು ಎಂಆರ್‌ಐ ಮಾಡಿದಾಗ ಹಿಮ್ಮಿದುಳಿನ ಒಂದು ಭಾಗ ಬೆಳ್ಳಗೆ ಹೊಳೆಯುತ್ತಿತ್ತು. ಆ ಎರಡು ದಿನ ನನ್ನನ್ನು ಇವತ್ತಿಗೂ ಕಾಡುತ್ತದೆ.

ಹೊಳೆಯುವುದೇಕೆ? ರಕ್ತ ಸಿಗದ ಜೀವಕೋಶಗಳು ನೀರು ಹೀರಿ ಊದಿಕೊಳ್ಳುತ್ತವೆ, ನೀರಿನ ಅಣುಗಳ ಓಡಾಟ ಕುಗ್ಗುತ್ತದೆ. ಎಂಆರ್‌ಐನ ಡಿಫ್ಯೂಷನ್ ಚಿತ್ರ ಹಿಡಿಯುವುದು ಇದನ್ನೇ, ಅದೂ ಬಹುಪಾಲು ಮೊದಲ ಗಂಟೆಯೊಳಗೆ. ಅದೂ ಒಮ್ಮೊಮ್ಮೆ ತಪ್ಪುತ್ತದೆ, ಹಿಮ್ಮಿದುಳಿನಲ್ಲೇ ಹೆಚ್ಚು. ಹಾಗಾಗಿ ರೋಗಿಯನ್ನು ನಡೆಸಿ ನೋಡುವುದನ್ನು ನಾನು ಬಿಡುವುದಿಲ್ಲ.

ದೊಡ್ಡ ನಾಳ ಕಟ್ಟಿರುವ ಅನುಮಾನ ಬಂದರೆ ಸಿಟಿ ಟೇಬಲ್ಲಿನಿಂದ ಇಳಿಸದೆ ಡೈ ಕೊಟ್ಟು ಆಂಜಿಯೋ, ಅಂದರೆ ರಕ್ತನಾಳಗಳ ಚಿತ್ರ, ಮಾಡುತ್ತೇವೆ. ತೊಡೆಯ ಸಂದಿಯಿಂದ ಕೊಳವೆ ಹಾಯಿಸಿ ಹೆಪ್ಪನ್ನು ಎಳೆದು ತೆಗೆಯುವ ಚಿಕಿತ್ಸೆ, ಉಳಿಸಬಹುದಾದ ಮಿದುಳು ಇನ್ನೂ ಇದೆಯೆಂದು ಸ್ಕ್ಯಾನಿನಲ್ಲಿ ಕಂಡ ಕೆಲವರಿಗೆ, 24 ಗಂಟೆಯವರೆಗೂ ಫಲಕಾರಿಯೆಂದು 2018ರಲ್ಲಿ ಪ್ರಕಟವಾದ ಅಧ್ಯಯನಗಳು ತೋರಿಸಿವೆ.

ಬೆಳಗ್ಗೆ ಏಳುವಾಗಲೇ ಕೈ ಸೋತಿದ್ದರೆ ಯಾವಾಗ ಶುರುವಾಯಿತೆಂದು ಯಾರಿಗೂ ಗೊತ್ತಿರುವುದಿಲ್ಲ. ಡಿಫ್ಯೂಷನ್ನಿನಲ್ಲಿ ಹೊಳೆದು, ಫ್ಲೇರ್ ಎಂಬ ಇನ್ನೊಂದು ಚಿತ್ರದಲ್ಲಿ ಇನ್ನೂ ಕಾಣದಿದ್ದರೆ, ಬಹುಶಃ ನಾಲ್ಕೂವರೆ ಗಂಟೆಯೊಳಗಿನದು. ಆಗ ಎಂಆರ್‌ಐಯನ್ನು ನಾವೇ ಕೇಳುತ್ತೇವೆ. ರಾತ್ರಿ ಎಷ್ಟು ಗಂಟೆಗೆ ಅವರು ಚೆನ್ನಾಗಿ ಮಾತಾಡಿ ಮಲಗಿದರು ಎಂಬುದನ್ನು ನೀವು ನೆನಪಿಟ್ಟುಕೊಂಡು ಬನ್ನಿ.